ಸಿಹಿಗುಂಬಳದ ಹೀಚು ಉದುರುತ್ತಿದೆಯಾ? ಪರಾಗ ನೀವೇ ಮುಟ್ಟಿಸಿ

ತಾರಸಿಯಲ್ಲಿ ಸಿಹಿಗುಂಬಳ ಬೆಳೆಸುವ ಅನೇಕರ ಗೋಳು ಇದು. ಬಳ್ಳಿ ಸೊಂಪಾಗಿ ಹಬ್ಬಿದೆ, ಹೂವೂ ಬಿಡುತ್ತಿದೆ, ಕಾಯಿ ಮಾತ್ರ ನಿಲ್ಲುತ್ತಿಲ್ಲ. ಹೀಚು ಹಳದಿಯಾಗಿ ಉದುರುತ್ತದೆ. ಕೂಡಲೇ ಇನ್ನಷ್ಟು ಗೊಬ್ಬರ ಸುರಿಯಬೇಡಿ. ಅಲ್ಲಿಗೆ ಜೇನ್ನೊಣ ಬರುತ್ತಿದೆಯೇ ಎಂದು ಮೊದಲು ನೋಡಿ. ಕುಂಬಳದ ಪರಾಗ ದಪ್ಪ, ಅಂಟಂಟು. ಗಾಳಿಗೆ ಹಾರುವುದಿಲ್ಲ, ಯಾರಾದರೂ ಹೊತ್ತುಕೊಂಡೇ ಹೋಗಬೇಕು. ನೊಣ ಬರದಿದ್ದರೆ ಆ ಕೆಲಸ ನಾವೇ ಮಾಡಬಹುದು.

1. ಗಂಡು ಯಾವುದು, ಹೆಣ್ಣು ಯಾವುದು?
ಒಂದೇ ಬಳ್ಳಿಯಲ್ಲಿ ಎರಡೂ ಬಿಡುತ್ತವೆ. ಗಂಡು ಹೂವಿಗೆ ಉದ್ದನೆಯ ಸಣ್ಣ ತೊಟ್ಟು, ನಡುವೆ ಪರಾಗ ಮೆತ್ತಿದ ಒಂದೇ ಕಂಬ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕುಂಬಳ ಆಗಲೇ ಕೂತಿರುತ್ತದೆ. ಅದೇ ಅಂಡಾಶಯ. ಬಳ್ಳಿ ಮೊದಲು ಬಿಡುವುದು ಸಾಮಾನ್ಯವಾಗಿ ಬರೀ ಗಂಡು ಹೂ. ಅವು ಉದುರಿದರೆ ಹೆದರಬೇಡಿ, ಅದು ಸಹಜ.

2. ಹಿಂದಿನ ಸಂಜೆ ಮೊಗ್ಗು ಕಟ್ಟಿ
ನಾಳೆ ಅರಳುವ ಮೊಗ್ಗಿನ ತುದಿ ಇವತ್ತು ಸಂಜೆಗೇ ಹಳದಿಯಾಗಿರುತ್ತದೆ. ಬೀಜ ಉಳಿಸಿಕೊಳ್ಳುವ ಆಸೆಯಿದ್ದರೆ ಗಂಡು, ಹೆಣ್ಣು ಎರಡೂ ಮೊಗ್ಗಿನ ತುದಿಯನ್ನು ದಾರದಿಂದ ಸಡಿಲವಾಗಿ ಕಟ್ಟಿ. ಬೇರೆ ತಳಿಯ ಪರಾಗ ಹೊತ್ತ ನೊಣ ಒಳಗೆ ನುಗ್ಗಬಾರದು. ಸಾರಿಗೆ ಕಾಯಿ ಸಿಕ್ಕಿದರೆ ಸಾಕು ಅನ್ನುವವರು ಈ ಹಂತ ಬಿಡಬಹುದು.

3. ಬೆಳಿಗ್ಗೆ ಬೇಗ ಮುಟ್ಟಿಸಿ
ಕುಂಬಳದ ಹೂ ನಸುಕಿನಲ್ಲಿ ಅರಳಿ ಬಿಸಿಲೇರುತ್ತಿದ್ದಂತೆ ಮುದುಡುತ್ತದೆ, ಮತ್ತೆ ತೆರೆಯುವುದಿಲ್ಲ. ಗಂಡು ಹೂ ಕಿತ್ತು ಎಸಳು ಬಿಡಿಸಿ. ಕಂಬಕ್ಕೆ ಬೆರಳು ತಾಗಿಸಿದರೆ ಹಳದಿ ಪುಡಿ ಅಂಟಬೇಕು. ಅದನ್ನು ಹೆಣ್ಣು ಹೂವಿನ ನಡುವೆ ಪರಾಗ ಹಿಡಿಯಲೆಂದೇ ಇರುವ ಉಬ್ಬಿದ ಹಾಲೆಗಳಿಗೆಲ್ಲ ಮೆತ್ತಗೆ ಸವರಿ. ಒಂದು ಹೆಣ್ಣಿಗೆ ಎರಡು ಮೂರು ಗಂಡು ಹೂ ಬಳಸಿದರೆ ಒಳ್ಳೆಯದು. ಮಳೆಯಲ್ಲಿ ನೆನೆದ ಪರಾಗ ಕೆಟ್ಟಿರುತ್ತದೆ, ಬೇಡ. ಕೊನೆಗೆ ಹೂವಿನ ಬಾಯಿ ಮತ್ತೆ ಕಟ್ಟಿ, ತೊಟ್ಟಿಗೆ ಬಣ್ಣದ ದಾರ ಗುರುತಿಗಿರಲಿ.

ಹಾಗಲಕ್ಕೂ ಬೆಳಿಗ್ಗೆಯೇ ಸರಿ. ಸೋರೆ, ಹೀರೆ ಹೂ ಅರಳುವುದು ಸಂಜೆ. ಸೋರೆಯ ಬಿಳಿ ಹೂವಿಗೆ ಬರುವುದು ರಾತ್ರಿ ಹಾರುವ ಪತಂಗ.

4. ಒಳಗೆ ಏನಾಗುತ್ತದೆ?
ನನಗಂತೂ ಇಡೀ ಕತೆಯಲ್ಲಿ ಇದೇ ದೊಡ್ಡ ಬೆರಗು. ಹಾಲೆಗೆ ಅಂಟಿ ಮೊಳೆತ ಪರಾಗದ ಕಣ ಒಂದು ಸೂಕ್ಷ್ಮ ನಾಳ ಬೆಳೆಸಿ ಅಂಡಾಶಯದೊಳಗೆ ಇಳಿಯುತ್ತದೆ. ಆ ನಾಳದಲ್ಲಿ ಎರಡು ಗಂಡು ಕೋಶ ಬರುತ್ತವೆ. ಒಂದು ಅಂಡದ ಜೊತೆ ಸೇರಿ ಭ್ರೂಣವಾಗುತ್ತದೆ. ಇನ್ನೊಂದು ಆ ಭ್ರೂಣಕ್ಕೆ ಬೇಕಾದ ಆಹಾರದ ಅಂಗಾಂಶ ಹುಟ್ಟಿಸುತ್ತದೆ. ಹೂಬಿಡುವ ಗಿಡಗಳ ಈ ಜೋಡಿ ಕೂಡಿಕೆಯನ್ನು 1898ರಲ್ಲಿ ಸೆರ್ಗೆಯ್ ನವಾಶಿನ್ ಎಂಬ ಸಸ್ಯವಿಜ್ಞಾನಿ ಲಿಲ್ಲಿ ಕುಟುಂಬದ ಗಿಡಗಳಲ್ಲಿ ಗುರುತಿಸಿದರು.

ಒಂದು ಬೀಜಕ್ಕೆ ಒಂದು ಕಣ ಬೇಕೇ ಬೇಕು. ನೂರಾರು ಬೀಜದ ಕುಂಬಳಕ್ಕೆ ನೂರಾರು ಕಣ ಬೇಕಲ್ವಾ? ಎರಡು ಮೂರು ಗಂಡು ಹೂ ಬಳಸಿ ಎಂದಿದ್ದು ಅದಕ್ಕೇ. ಕಡಿಮೆಯಾದರೆ ಕಾಯಿ ಸೊಟ್ಟಗಾಗಬಹುದು, ಇಲ್ಲವೇ ಉದುರುತ್ತದೆ. ಕೆಲವು ದಿನಗಳಲ್ಲಿ ಹೀಚು ಉಬ್ಬಿದರೆ ಗೆದ್ದಿರಿ.

5. ಬೀಜಕ್ಕೆ ಬಿಡುವುದು
ಬೀಜದ ಕಾಯಿಗೆ ಆತುರ ಸಲ್ಲದು. ಸಿಪ್ಪೆ ಉಗುರಿಗೆ ಜಗ್ಗದಷ್ಟು ಗಟ್ಟಿಯಾಗಿ, ತೊಟ್ಟು ಒಣಗಲಿ. ಕೊಯ್ದ ಮೇಲೂ ಕೆಲವು ವಾರ ಸುಮ್ನೆ ಮನೆಯಲ್ಲಿಡಿ, ಒಳಗಿನ ಬೀಜ ಇನ್ನೂ ಬಲಿಯುತ್ತದೆ. ಆಮೇಲೆ ತೊಳೆದು ನೆರಳಲ್ಲಿ ಒಣಗಿಸಿ, ಜೊಳ್ಳು ತೆಗೆಯಿರಿ. ಹಳ್ಳಿಗಳಲ್ಲಿ ಬೀಜಕ್ಕೆ ಬೂದಿ ಸವರುವುದು, ಸಗಣಿಯಲ್ಲಿ ಒತ್ತಿ ಗೋಡೆಗೆ ತಟ್ಟುವುದು ಹಳೆಯ ಪದ್ಧತಿ. ಹೈಬ್ರಿಡ್ ಕಾಯಿಯ ಬೀಜ ಮಾತ್ರ ಇಡಬೇಡಿ, ಮುಂದಿನ ಬಳ್ಳಿ ತಾಯಿಯಂತೆ ಇರುವುದಿಲ್ಲ.

ಸೋರೆಯಲ್ಲಿ ಮೊಗ್ಗು ಕಟ್ಟುವುದನ್ನು ದಯವಿಟ್ಟು ತಪ್ಪಿಸಬೇಡಿ. ಕಹಿ ಸೋರೆಯ ಪರಾಗ ಬಿದ್ದರೆ ಈ ಕಾಯಿ ಕಹಿಯಾಗುವುದಿಲ್ಲ, ಇದರ ಬೀಜದಿಂದ ಬರುವ ಬಳ್ಳಿಯ ಕಾಯಿ ಕಹಿಯಾಗಬಹುದು. ಕಹಿ ಸೋರೆಯ ರಸ ಕುಡಿದು ಜೀವ ಕಳೆದುಕೊಂಡವರೂ ಇದ್ದಾರೆ. ನಾಲಿಗೆಗೆ ಕಹಿ ತಾಗಿದರೆ ಉಗುಳಿ, ಕಾಯಿ ಎಸೆಯಿರಿ.

ನಾವಿಲ್ಲದಿದ್ದರೆ?
ಬೀಜ ಹರಡಲು ಕುಂಬಳ, ಸೋರೆ, ಹಾಗಲಗಳ ಈ ಕುಟುಂಬಕ್ಕೆ ತನ್ನದೇ ದಾರಿಗಳಿವೆ. ಹಣ್ಣಾದ ಹಾಗಲ ಬಿರಿದು ಕೆಂಪು ತಿರುಳು ತೋರಿಸುತ್ತದೆ, ಹಕ್ಕಿ ಬಂದು ತಿನ್ನುತ್ತದೆ. ಒಣಗಿದ ಹೀರೆಯ ತುದಿಯ ಮುಚ್ಚಳ ಕಳಚಿ ಬೀಜ ಸುರಿಯುತ್ತದೆ. ಮೆಡಿಟರೇನಿಯನ್ ಸುತ್ತಲ ಒಂದು ಕಾಡು ಸೌತೆ ಬೀಜವನ್ನು ರಸದ ಸಮೇತ ಪಿಚಕಾರಿಯಂತೆ ಚಿಮ್ಮಿಸುತ್ತದೆ. ಇಂಡೋನೇಷ್ಯಾದ ಕಾಡಿನ ಇನ್ನೊಂದು ಬಳ್ಳಿಯ ಬೀಜಕ್ಕೆ ಅಗಲವಾದ ತೆಳು ರೆಕ್ಕೆ, ಮರದೆತ್ತರದಿಂದ ತೇಲುತ್ತ ಹೋಗುತ್ತದೆ. ಆಫ್ರಿಕಾ ಮೂಲದ ಸೋರೆಯ ಒಣ ಬುರುಡೆ ಸಮುದ್ರದಲ್ಲಿ ತಿಂಗಳುಗಟ್ಟಲೆ ತೇಲಿದರೂ ಒಳಗಿನ ಬೀಜ ಮೊಳೆಯಬಲ್ಲದು.