ಹಿಡಿಯಬಹುದಾದ ಅಂಚು: ಆಟವೊಂದಕ್ಕೆ ಕಲಾಶೈಲಿ ರೂಪಿಸಿದ ನನ್ನ ಅನುಭವ

ವಿಡಿಯೊ ಗೇಮ್‌ಗಳಲ್ಲಿ ಕಲಾಶೈಲಿ ಹೆಚ್ಚೋ, ನೈಜತೆಗೆ ಹತ್ತಿರವಾದ ಗ್ರಾಫಿಕ್ಸ್ ಹೆಚ್ಚೋ ಎಂಬ ಚರ್ಚೆ ಸಾಮಾನ್ಯವಾಗಿ ನೋಡುವವರ ಕಡೆಯಿಂದಲೇ ನಡೆಯುತ್ತದೆ. ಯಾವುದು ಕಣ್ಣಿಗೆ ಚೆಂದ, ಯಾವುದು ವರ್ಷಗಳು ಕಳೆದರೂ ಹಳತೆನಿಸುವುದಿಲ್ಲ ಎಂಬಲ್ಲಿಗೆ ಮಾತು ಮುಗಿದುಹೋಗುತ್ತದೆ. ಆಟವಾಡುವವರು ಮಾತ್ರ ಪರದೆಯನ್ನು ನೋಡಿ ಸುಮ್ಮನಿರುವಂತಿಲ್ಲ. ಕಂಡದ್ದನ್ನು ನಂಬಿ ಅರೆಕ್ಷಣದಲ್ಲಿ ಗುಂಡಿ ಒತ್ತಬೇಕು. ನಾನು ಮೂವರ ತಂಡವೊಂದರಲ್ಲಿ ಚಿತ್ರಗಳ ಮತ್ತು ಮೇಲ್ಮೈಗಳ ಬಣ್ಣ–ಬೆಳಕನ್ನು ನಿರ್ಧರಿಸುವ ಶೇಡರ್ ಎಂಬ ಪುಟ್ಟ ಪ್ರೋಗ್ರಾಮ್‌ಗಳ ಹೊಣೆ ಹೊತ್ತು, ಬಂಡೆಗಳನ್ನು ಹತ್ತುವ ಒಂದು ಸಣ್ಣ ತ್ರೀಡಿ ಆಟವನ್ನು ಕಟ್ಟುತ್ತಿದ್ದೇನೆ. ಆ ಕೆಲಸದಲ್ಲಿ ಈ ಪ್ರಶ್ನೆ ನನ್ನೆದುರು ನಿಂತದ್ದು ಬೇರೆಯದೇ ರೂಪದಲ್ಲಿ: ಎದುರಿಗಿರುವ ಬಂಡೆಯ ಯಾವ ಅಂಚನ್ನು ಹಿಡಿಯಬಹುದು ಎಂಬುದು ಆಟಗಾರರಿಗೆ ಹೇಗೆ ತಿಳಿಯಬೇಕು?

ನೈಜ ಬಂಡೆಗಳು ಇಂದು ದುರ್ಲಭವಲ್ಲ. ಒಂದೇ ಕಲ್ಲನ್ನು ನೂರಾರು ಕೋನಗಳಿಂದ ಚಿತ್ರೀಕರಿಸಿ, ಆ ಫೋಟೊಗಳಿಂದ ಅದರ ತ್ರೀಡಿ ಆಕೃತಿಯನ್ನು, ಅಂದರೆ ಮಾಡೆಲ್ ಅನ್ನು, ತಯಾರಿಸುವ ವಿಧಾನ ಸಾಕಷ್ಟು ಬೆಳೆದಿದೆ. ಸಿದ್ಧ ಸಂಗ್ರಹಗಳಿಂದ ತಂದು ಜೋಡಿಸಿದರೆ ಒಂದೇ ಸಂಜೆಯಲ್ಲಿ ನೋಡಿದವರು ಹೌಹಾರುವಂಥ ಕಣಿವೆ ಸಿದ್ಧವಾಗುತ್ತದೆ. ಆದರೆ ನಿಜವಾದ ಬಂಡೆಯ ತುಂಬ ಅಂಚುಗಳೇ ಇರುತ್ತವೆ. ಬಿರುಕು, ಚಾಚು, ತಗ್ಗು, ಪಾಚಿ ಎಲ್ಲವೂ ಒಂದೇ ಸಮನಾದ ಒತ್ತಾಯದಿಂದ ಕಣ್ಣನ್ನು ಕರೆಯುತ್ತವೆ. ಆಟದ ನಿಯಮದ ಪ್ರಕಾರ ಅವುಗಳಲ್ಲಿ ಕೆಲವನ್ನು ಮಾತ್ರ ಹಿಡಿಯಲು ಸಾಧ್ಯ. ಹೀಗೆ ಚಿತ್ರ ಒಂದು ಮಾತು ಹೇಳಿ, ನಿಯಮ ಇನ್ನೊಂದು ಮಾತು ಹೇಳಿದಾಗ ಬೀಳುವುದು ಆಟಗಾರರು.

ದೊಡ್ಡ ಸ್ಟುಡಿಯೊಗಳು ಈ ಬಿಕ್ಕಟ್ಟನ್ನು ಬಗೆಹರಿಸುವ ರೀತಿ ಎಲ್ಲರಿಗೂ ಪರಿಚಿತವೇ. 2023ರ ರೆಸಿಡೆಂಟ್ ಈವಿಲ್ 4 ಮರುನಿರ್ಮಾಣದಲ್ಲಿ ಒಡೆಯಬಹುದಾದ ಪೆಟ್ಟಿಗೆಗಳ ಮೇಲೆ ಹಳದಿ ಬಣ್ಣ ಬಳಿಯಲಾಗಿತ್ತು. 2024ರ ಫೈನಲ್ ಫ್ಯಾಂಟಸಿ 7 ರೀಬರ್ತ್‌ನಲ್ಲಿ ಹತ್ತಬಹುದಾದ ಬಂಡೆಗಳಿಗೂ ಅದೇ ಹಳದಿ ಬಂದಾಗ ಜನ ಸಾಕಷ್ಟು ಆಡಿಕೊಂಡರು. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಪ್ರತಿಯೊಂದು ಕಲ್ಲಿನ ಪ್ರತಿಯೊಂದು ಗೆರೆಯನ್ನೂ ನಿಜದಂತೆಯೇ ತೋರಿಸುವುದೆಂದು ಒಮ್ಮೆ ತೀರ್ಮಾನಿಸಿದ ಮೇಲೆ, ಯಾವುದು ಮುಖ್ಯ ಎಂದು ಹೇಳಲು ಅದರ ಮೇಲೊಂದು ಗುರುತು ಹಾಕದೆ ಬೇರೆ ದಾರಿ ಉಳಿಯುವುದಿಲ್ಲ. ನನಗೆ ಬೇಕಿದ್ದದ್ದು ಆ ಗುರುತನ್ನು ಹೊರಗಿನಿಂದ ಬಳಿಯದೆ, ಬಂಡೆಯನ್ನು ಚಿತ್ರಿಸುವ ಕ್ರಮದಲ್ಲೇ ಹುಟ್ಟಿಸುವುದು.

ಇದಕ್ಕೆ ನಾನು ಬಹಳ ಹೊತ್ತು ಎದುರಿಗಿಟ್ಟುಕೊಂಡು ನೋಡಿದ ಆಟಗಳು ಎರಡು. ಮೊದಲನೆಯದು 2008ರ ಮಿರರ್ಸ್ ಎಡ್ಜ್. ಅದರಲ್ಲಿ ಬೆಳಕು ಗೋಡೆಯಿಂದ ಗೋಡೆಗೆ ಪುಟಿಯುವುದನ್ನು ಮೊದಲೇ ಲೆಕ್ಕ ಹಾಕಿ ಇಟ್ಟಿರುವುದರಿಂದ ನೆರಳು–ಬೆಳಕು ಬಹುಮಟ್ಟಿಗೆ ನೈಜವೇ; ಆದರೆ ನಗರವೆಲ್ಲ ಬಿಳಿ, ಓಡಬೇಕಾದ ದಾರಿಯ ವಸ್ತುಗಳು ಕೆಂಪು. ಎರಡನೆಯದು ವಾಲ್ವ್ ಸಂಸ್ಥೆಯ 2007ರ ಟೀಮ್ ಫೋರ್ಟ್ರೆಸ್ 2. ಅದರ ಒಂಬತ್ತು ಪಾತ್ರಗಳನ್ನು ಪೂರ್ತಿ ಕಪ್ಪು ಬಳಿದು ನಿಲ್ಲಿಸಿದರೂ ಹೊರ ಆಕಾರದಿಂದಲೇ ಗುರುತಿಸಬಹುದು. ಪಾದದ ಕಡೆ ಗಾಢವಾಗಿರುವ ಬಣ್ಣ ಮೇಲೇರುತ್ತಾ ಎದೆಯ ಬಳಿ ತಿಳಿಯಾಗುತ್ತದೆ. ಏಕೆಂದರೆ ಆಯುಧ ಇರುವುದು ಅಲ್ಲಿ, ಎದುರಾಳಿ ಮೊದಲು ನೋಡಬೇಕಾದದ್ದೂ ಅದನ್ನೇ. ಹಳೆಯ ಅಮೆರಿಕನ್ ಪತ್ರಿಕಾ ಚಿತ್ರಕಾರರ ಶೈಲಿಯಿಂದ ಬಂದ ಈ ರೂಪ ಮೇಲ್ನೋಟಕ್ಕೆ ಅಲಂಕಾರದಂತೆ ಕಂಡರೂ, ಆಟದ ಮಟ್ಟಿಗೆ ಅದು ಮಾಹಿತಿ.

ನಮ್ಮ ಕೆಲಸ ಬಣ್ಣದಿಂದ ಆರಂಭವಾಗಲಿಲ್ಲ. ಮೊದಲ ಬಂಡೆಗಳನ್ನು ನಾನು ಕಪ್ಪು, ಬಿಳುಪು ಮತ್ತು ನಡುವಿನ ಎರಡು ಬೂದು ಛಾಯೆಗಳಲ್ಲಷ್ಟೇ ಕಟ್ಟಿದೆ. ಪರದೆಯ ಚಿತ್ರವನ್ನು ಅಂಗೈಯಗಲಕ್ಕೆ ಕುಗ್ಗಿಸಿ, ಆಟದ ಬಗ್ಗೆ ಏನೂ ಗೊತ್ತಿಲ್ಲದವರ ಮುಂದಿಟ್ಟು, ಮುಂದಿನ ಹಿಡಿತ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುವಂತೆ ಕೇಳುತ್ತಿದ್ದೆ. ಬೆರಳು ತಡವರಿಸಿದ ಕಡೆಯಲ್ಲೆಲ್ಲ ಬಂಡೆಯ ಆಕಾರವನ್ನೇ ಬದಲಿಸಿದೆ. ಬೂದುಬಣ್ಣದಲ್ಲಿ ಓದಿಸಿಕೊಳ್ಳದ ಚಿತ್ರವನ್ನು ಬಣ್ಣ ಬಂದು ಕಾಪಾಡುವುದು ಅಪರೂಪ. ಕೆಂಪು–ಹಸಿರು ಭೇದ ಕಾಣದವರಿಗಂತೂ ಅದು ಕಾಪಾಡುವುದೇ ಇಲ್ಲ.

ನಂತರದ್ದು ಶೇಡರ್‌ನ ಕೆಲಸ. ಮೇಲ್ಮೈ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಹೇಳುವ ನಾರ್ಮಲ್‌ಗೂ ಬೆಳಕಿನ ದಿಕ್ಕಿಗೂ ಇರುವ ಸಂಬಂಧವನ್ನು ಇಂಜಿನ್ (ಆಟವನ್ನು ನಡೆಸುವ ಮೂಲ ತಂತ್ರಾಂಶ) −1ರಿಂದ 1ರವರೆಗಿನ ಒಂದು ಸಂಖ್ಯೆಯಾಗಿ ಕೊಡುತ್ತದೆ. ಸಾಮಾನ್ಯ ರೆಂಡರಿಂಗ್‌ನಲ್ಲಿ, ಅಂದರೆ ಪರದೆಯ ಚಿತ್ರ ಮೂಡಿಸುವ ಲೆಕ್ಕದಲ್ಲಿ, ಸೊನ್ನೆಗಿಂತ ಕೆಳಗಿನದ್ದೆಲ್ಲ ಒಂದೇ ಕತ್ತಲೆ. ಆ ಸಂಖ್ಯೆಯನ್ನು ಅರ್ಧಕ್ಕಿಳಿಸಿ ಅದಕ್ಕೆ ಅರ್ಧ ಸೇರಿಸುವುದು ವಾಲ್ವ್‌ನವರು ಬಳಸಿದ ಸರಳ ಉಪಾಯ. ಹೀಗೆ ಮಾಡಿದಾಗ ನೆರಳಿನ ಬದಿಗೂ ಸೊನ್ನೆಯಿಂದ ಒಂದರೊಳಗಿನ ಬೆಲೆ ಸಿಗುತ್ತದೆ. ನಾನು ಆ ಬೆಲೆಯನ್ನು ಹಿಡಿದು, ಕೈಯಾರೆ ಬರೆದ ಒಂದು ಕಿರಿದಾದ ಬಣ್ಣದ ಪಟ್ಟಿಯಿಂದ ಛಾಯೆಯನ್ನು ಆರಿಸಿಕೊಳ್ಳುವಂತೆ ಮಾಡಿದೆ. ಪಟ್ಟಿಯ ಎಡ ತುದಿಯಲ್ಲಿ ನೀಲಿ ಮಿಶ್ರಿತ ನೇರಳೆ, ನಡುವೆ ಮಣ್ಣಿನ ಕಂದು, ಬಲ ತುದಿಯಲ್ಲಿ ಮಾಸಲು ಕಿತ್ತಳೆ. ಬೆಳಗ್ಗೆ, ಮಧ್ಯಾಹ್ನ, ಮುಸ್ಸಂಜೆ ಎಂದು ಮೂರು ಪಟ್ಟಿಗಳನ್ನು ಬರೆದು ಒಂದರಿಂದ ಒಂದಕ್ಕೆ ಜಾರಿಸಿದರೆ ಇಡೀ ಕಣಿವೆಯ ಹೊತ್ತು ಬದಲಾಗುತ್ತದೆ. ಅದಕ್ಕಾಗಿ ಮಾಡೆಲ್‌ಗೆ ಹೊದಿಸುವ ಹೊಸ ಚಿತ್ರ (ಟೆಕ್ಸ್ಚರ್) ಒಂದೂ ಬೇಕಾಗುವುದಿಲ್ಲ.

ಹಿಡಿಯಬಹುದಾದ ಅಂಚಿಗೆ ಇದರ ಮೇಲೆ ಇನ್ನೊಂದು ನಿಯಮ ಸೇರಿತು. ಮೇಲ್ಮುಖವಾಗಿರುವ ಮೇಲ್ಮೈಗೆ, ಸೂರ್ಯ ಎಲ್ಲೇ ಇರಲಿ, ಪಟ್ಟಿಯ ಅತ್ಯಂತ ತಿಳಿ ಬಣ್ಣವೇ ಸಿಗಬೇಕು. ಕೇಳಲು ಇದು ಸುಲಭ. ಆದರೆ ಹಾಗೆ ಮಾಡಿದ ಕೂಡಲೇ ಬಂಡೆಯ ಪ್ರತಿ ಉಬ್ಬೂ ಹೊಳೆಯತೊಡಗಿ, ಫೋಟೊ ಬಂಡೆಯ ಅದೇ ಗದ್ದಲ ಬೇರೆ ವೇಷದಲ್ಲಿ ಹಾಜರಾಯಿತು. ಆದ್ದರಿಂದ ಹಿಡಿತಗಳಿರುವಲ್ಲಿ ಮಾತ್ರ ಮಾಡೆಲ್‌ನ ತುದಿಬಿಂದುಗಳಿಗೆ (ಆಕಾರವನ್ನು ಕಟ್ಟುವ ಮೂಲೆಗಳಿಗೆ) ಶೇಡರ್ ಓದುವ ಗುರುತಾಗಿ ಬಿಳಿ ಬಳಿದು, ಆ ಬಿಳಿ ಇರುವಲ್ಲಿ ಮಾತ್ರ ನಿಯಮ ಪೂರ್ತಿ ನಡೆಯುವಂತೆಯೂ ಉಳಿದ ಕಡೆ ಮೇಲ್ಮುಖದ ಭಾಗಕ್ಕೆ ಒಂದು ಮೆಟ್ಟಿಲು ಕಡಿಮೆ ಛಾಯೆ ಸಿಗುವಂತೆಯೂ ಮಾಡಿದೆ. ಆಟದ ವಿನ್ಯಾಸ ನೋಡಿಕೊಳ್ಳುವ ಗೆಳತಿ ಕೇಳಿದ್ದು ಇನ್ನೂ ಒಂದು ಹೆಜ್ಜೆ ಮುಂದಿನದು: ಚಿತ್ರದ ಬಿಳಿಗೂ ಹಿಡಿತದ ಲೆಕ್ಕಕ್ಕೂ ಒಂದೇ ಮೂಲವಿರಲಿ ಎಂದು. ಈಗ ನಾನು ಬಿಳಿ ಬಳಿದಲ್ಲಿ ಹಿಡಿತ ತಾನಾಗಿ ಹುಟ್ಟುತ್ತದೆ, ಅಳಿಸಿದರೆ ಇಲ್ಲವಾಗುತ್ತದೆ. ಚಿತ್ರಕ್ಕೂ ನಿಯಮಕ್ಕೂ ಜಗಳವಾಡಲು ಜಾಗವೇ ಉಳಿದಿಲ್ಲ. ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ತೀರ್ಮಾನ ಇದು. ಅದು ನನ್ನದಲ್ಲ ಎಂಬುದನ್ನೂ ಹೇಳಬೇಕು.

ಇಂಜಿನ್‌ಗಳು ಹುಟ್ಟಾ ನೈಜತೆಯ ಕಡೆಗೇ ವಾಲಿರುತ್ತವೆ ಎಂಬುದು ಈ ಹಂತದಲ್ಲಿ ಪದೇ ಪದೇ ಅನುಭವಕ್ಕೆ ಬಂತು. ಕ್ಯಾಮೆರಾ ಫಿಲ್ಮಿನ ಗುಣವನ್ನು ಅನುಕರಿಸುವ ಟೋನ್ ಮ್ಯಾಪಿಂಗ್, ನಾನು ಆರಿಸಿದ ಕಿತ್ತಳೆಯನ್ನು ಪರದೆಗೆ ಬರುವಷ್ಟರಲ್ಲಿ ಮಂಕಾಗಿಸುತ್ತಿತ್ತು. ಅದನ್ನು ತೆಗೆದುಹಾಕಿದ ಮೇಲೆಯೇ ಪಟ್ಟಿಯ ಬಣ್ಣವೂ ಪರದೆಯ ಬಣ್ಣವೂ ಒಂದಾದವು. ಹಿಂದಿನ ಫ್ರೇಮ್‌ಗಳನ್ನು (ಪರದೆಗೆ ಆಗಲೇ ಬಂದುಹೋದ ಚಿತ್ರಗಳನ್ನು) ಬೆರೆಸಿ ಅಂಚುಗಳನ್ನು ನಯಗೊಳಿಸುವ ಸೌಲಭ್ಯ ತೆಳು ಔಟ್‌ಲೈನ್‌ಗಳನ್ನು ಮಸುಕಾಗಿಸುತ್ತಿದ್ದುದರಿಂದ ಅದನ್ನೂ ಬಿಟ್ಟೆವು.

ಪಾತ್ರದ ಮುಖದ ವಿಷಯದಲ್ಲಿ ಮಾತ್ರ ಬಹಳ ತಾಳ್ಮೆ ಬೇಕಾಯಿತು. ಎರಡೇ ಛಾಯೆಗಳಲ್ಲಿ ಮುಖವನ್ನು ತೋರಿಸಿದಾಗ ಮೂಗಿನ ಪಕ್ಕ, ತುಟಿಯ ಕೆಳಗೆ, ಕೆನ್ನೆಯ ಮೇಲೆ ಹರಿದ ಕಾಗದದ ತುಂಡುಗಳಂತೆ ನೆರಳುಗಳು ಬೀಳುತ್ತವೆ. ಮಾಡೆಲ್ ಸರಿಯಾಗಿದ್ದರೂ ಹೀಗಾಗುತ್ತದೆ. ಏಕೆಂದರೆ ನಿಜವಾದ ಮುಖದ ಏರಿಳಿತಗಳೆಲ್ಲ ನಾರ್ಮಲ್‌ಗಳಲ್ಲಿ ಹಾಗೆಯೇ ಉಳಿದಿರುತ್ತವೆ. 2014ರಲ್ಲಿ ಬಂದ ಗಿಲ್ಟಿ ಗಿಯರ್ ಎಕ್ಸರ್ಡ್ ಎಂಬ ಹೋರಾಟದ ಆಟದಲ್ಲಿ ಆರ್ಕ್ ಸಿಸ್ಟಮ್ ವರ್ಕ್ಸ್‌ನ ಕಲಾವಿದರು ನಾರ್ಮಲ್‌ಗಳನ್ನು ಕೈಯಿಂದ ತಿದ್ದಿ, ತ್ರೀಡಿ ಪಾತ್ರಗಳು ಕೈಯಲ್ಲಿ ಬರೆದ ಚಿತ್ರಗಳಂತೆಯೇ ಕಾಣುವಂತೆ ಮಾಡಿದ್ದರು. ಅವರ ಪ್ರತಿ ಪಾತ್ರಕ್ಕೂ ತನ್ನದೇ ಬೆಳಕು ಕೂಡ ಇತ್ತು. ನಾನು ಅದರ ಬಡ ಆವೃತ್ತಿಯೊಂದನ್ನು ಮಾಡಿಕೊಂಡೆ: ಮುಖದ ಸುತ್ತ ಮೊಟ್ಟೆಯಾಕಾರದ ಸರಳ ಮಾಡೆಲ್ ಇಟ್ಟು, ಅದರ ನಾರ್ಮಲ್‌ಗಳನ್ನು ಮುಖಕ್ಕೆ ವರ್ಗಾಯಿಸಿ, ಆಮೇಲೆ ಮೂಗಿನ ತುದಿ ಮತ್ತು ದವಡೆಯ ಗೆರೆಯನ್ನು ಮಾತ್ರ ಕೈಯಿಂದ ತಿದ್ದಿದೆ. ಮುಖ ತಿರುಗಿದಾಗ ಈಗ ನೆರಳು ಒಂದೇ ಗೆರೆಯಾಗಿ ಸರಿಯುತ್ತದೆ. ಇಲ್ಲಿ ಬೆಳಕಿನ ಸತ್ಯವನ್ನು ಬಿಟ್ಟುಕೊಟ್ಟದ್ದರಿಂದಲೇ ಮುಖಕ್ಕೆ ಜೀವ ಬಂತು.

ಔಟ್‌ಲೈನ್‌ಗೆ ಹಳೆಯ ಉಪಾಯವೇ ಸಾಕಾಯಿತು. ಮಾಡೆಲ್‌ನ ಒಂದು ನಕಲನ್ನು ಸ್ವಲ್ಪ ಉಬ್ಬಿಸಿ, ಒಳಹೊರಗು ತಿರುಗಿಸಿ, ಕಪ್ಪು ಬಣ್ಣದಲ್ಲಿ ಹಿಂದೆ ನಿಲ್ಲಿಸುವುದು. ಚೂಪಾದ ಮೂಲೆಗಳಲ್ಲಿ ಈ ಕಪ್ಪು ಚಿಪ್ಪು ಬಿರುಕು ಬಿಡುತ್ತದೆ. ಸರಾಸರಿ ತೆಗೆದ ನಾರ್ಮಲ್‌ಗಳನ್ನು ಬೇರೆಯಾಗಿ ಉಳಿಸಿಕೊಂಡು ಉಬ್ಬಿಸುವುದಕ್ಕೆ ಮಾತ್ರ ಅವನ್ನು ಬಳಸಿದರೆ ಬಿರುಕು ಮುಚ್ಚುತ್ತದೆ. ದೂರ ಹೆಚ್ಚಿದಂತೆ ಗೆರೆ ತೆಳುವಾಗದಿದ್ದರೆ ದೂರದ ಬೆಟ್ಟವೆಲ್ಲ ಮಸಿಯ ಮುದ್ದೆಯಾಗುತ್ತದೆ ಎಂಬುದನ್ನು ಹೊರತುಪಡಿಸಿದರೆ ಇದರ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ.

ಚಲನೆಯ ಪ್ರಶ್ನೆ ಇದಕ್ಕಿಂತ ಸ್ವಾರಸ್ಯಕರವಾದದ್ದು. ಕೈಯಲ್ಲಿ ಬರೆದಂಥ ಚಿತ್ರಕ್ಕೆ ಬೆಣ್ಣೆಯಲ್ಲಿ ಕೂದಲು ಜಾರಿದಂಥ ಚಲನೆ ಹೊಂದುವುದಿಲ್ಲ. ಕಣ್ಣು ತಕ್ಷಣ ಅದನ್ನು ಕಂಪ್ಯೂಟರಿನ ಗೊಂಬೆ ಎಂದು ಗುರುತಿಸಿಬಿಡುತ್ತದೆ. ಆದ್ದರಿಂದ ಪಾತ್ರದ ಭಂಗಿ ಸೆಕೆಂಡಿಗೆ 12 ಬಾರಿ ಮಾತ್ರ ಬದಲಾಗುವಂತೆ ಮಾಡಿದೆ. ಆದರೆ ಸೆಕೆಂಡಿನ ಹನ್ನೆರಡನೆಯ ಒಂದು ಭಾಗವೆಂದರೆ ಸುಮಾರು 83 ಮಿಲಿಸೆಕೆಂಡ್. ಗುಂಡಿ ಒತ್ತಿದ ಮೇಲೆ ಅಷ್ಟು ಹೊತ್ತು ಕೈ ಅಲುಗದಿದ್ದರೆ ಆಟಗಾರರಿಗೆ ಪಾತ್ರ ಮಾತು ಕೇಳುತ್ತಿಲ್ಲ ಎನಿಸುತ್ತದೆ. 2017ರ ಕಪ್‌ಹೆಡ್‌ನಲ್ಲಿ ಕೈಯಲ್ಲಿ ಬರೆದ ಚಿತ್ರಗಳು ಸೆಕೆಂಡಿಗೆ 24ರ ಗತಿಯಲ್ಲಿ ಬದಲಾಗುತ್ತವೆ, ಆಟ ಮಾತ್ರ 60ರಲ್ಲಿ ನಡೆಯುತ್ತದೆ. ನಾವೂ ಹಾಗೆಯೇ ಎರಡನ್ನೂ ಬೇರ್ಪಡಿಸಿದೆವು. ಕ್ಯಾಮೆರಾ ಮತ್ತು ದೇಹದ ಸ್ಥಾನ 60ರಲ್ಲೇ ಚಲಿಸುತ್ತವೆ, ಭಂಗಿಗಳು 12ರಲ್ಲಿ. ಗುಂಡಿ ಒತ್ತಿದ ಕ್ಷಣಕ್ಕೆ ಮಾತ್ರ ಆ ಲಯವನ್ನು ಮುರಿದು, ಮುಂದಿನ ಫ್ರೇಮಿನಲ್ಲೇ ಕೈ ಚಾಚಿದ ಭಂಗಿಗೆ ಹಾರಿ, ಅಲ್ಲಿಂದ ಎಣಿಕೆಯನ್ನು ಹೊಸದಾಗಿ ಆರಂಭಿಸುತ್ತೇವೆ. ಲಯ ಮುರಿದದ್ದು ಈವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ. ಮುರಿಯದಿದ್ದಾಗ ಮಾತ್ರ ಎಲ್ಲರೂ ದೂರಿದ್ದರು.

ಇಷ್ಟೆಲ್ಲ ಹೇಳಿದ ಮೇಲೆ, ಶೈಲಿಯ ಪರವಾಗಿ ಸಾಮಾನ್ಯವಾಗಿ ಕೇಳಿಬರುವ ಎರಡು ವಾದಗಳನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಶೈಲಿ ಅಗ್ಗ ಎಂಬುದು ಒಂದು. ಮೂವರ ತಂಡ ಚರ್ಮದ ರಂಧ್ರಗಳನ್ನೂ ಒದ್ದೆ ಬಟ್ಟೆಯ ಹೊಳಪನ್ನೂ ದೊಡ್ಡ ಸ್ಟುಡಿಯೊಗಳ ಮಟ್ಟಕ್ಕೆ ಮಾಡಲಾರದು, ನಿಜ. ಆದರೆ ನೈಜತೆಯಲ್ಲಿ ಸಂದೇಹ ಬಂದಾಗ ಹೋಗಿ ನೋಡಲು ಒಂದು ನಿಜವಾದ ಕಲ್ಲಿರುತ್ತದೆ. ಶೈಲಿಯಲ್ಲಿ ಹುಲ್ಲು ಹೇಗಿರಬೇಕು, ಹೊಗೆ ಹೇಗಿರಬೇಕು ಎಂಬ ಪ್ರತಿ ಪ್ರಶ್ನೆಗೂ ಉತ್ತರವನ್ನು ನಾವೇ ಕಟ್ಟಬೇಕು. ಶೈಲಿಗೆ ವಯಸ್ಸಾಗುವುದಿಲ್ಲ ಎಂಬುದು ಇನ್ನೊಂದು ವಾದ. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ 2002ರ ಜೆಲ್ಡಾ ವಿಂಡ್ ವೇಕರ್. 2000ದಲ್ಲಿ ನಿಂಟೆಂಡೊ ತೋರಿಸಿದ್ದ ನೈಜ ಶೈಲಿಯ ತುಣುಕನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ ಅನೇಕರು, ಮರುವರ್ಷ ಅದರ ಕಾರ್ಟೂನ್ ರೂಪ ಕಂಡಾಗ ಸಿಡಿಮಿಡಿಗೊಂಡಿದ್ದರು. ಇಂದು ಅದೇ ಆಟ ತನ್ನ ಕಾಲದ ಬಹುತೇಕ ಆಟಗಳಿಗಿಂತ ಚೆನ್ನಾಗಿ ಕಾಣುತ್ತದೆ. 2006ರ ಓಕಾಮಿಯೂ ನೈಜ ಚಿತ್ರದಿಂದ ಹೊರಟು, ಪ್ಲೇಸ್ಟೇಷನ್ 2ರ ಶಕ್ತಿ ಸಾಲದೆ ಜಪಾನಿ ಮಸಿಚಿತ್ರದ ಕಡೆಗೆ ತಿರುಗಿ ಗೆದ್ದ ಆಟ. ಆದರೆ ಅದೇ ವರ್ಷಗಳಲ್ಲಿ ಕಪ್ಪು ಗೆರೆ ಹಚ್ಚಿಕೊಂಡು ಬಂದ ಎಷ್ಟೋ ಆಟಗಳು ಇಂದು ನೋಡಲಾಗದಷ್ಟು ಹಳತಾಗಿವೆ. ಅವುಗಳನ್ನು ಯಾರೂ ಉದಾಹರಣೆಗೆ ಎತ್ತುವುದಿಲ್ಲ, ಅಷ್ಟೇ.

ನೈಜತೆಯೇ ಆಟದ ಹುರುಳಾಗಿರುವ ಕಡೆಗಳೂ ಇವೆ. 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಮೋಡ ಮೋಡದಂತಿರದಿದ್ದರೆ ಹಾರಾಟಕ್ಕೇ ಅರ್ಥವಿಲ್ಲ. 2011ರ ಎಲ್.ಎ. ನ್ವಾರ್‌ನಲ್ಲಿ ಎದುರಿಗಿರುವವರು ಸುಳ್ಳು ಹೇಳುತ್ತಿದ್ದಾರೆಯೇ ಎಂಬುದನ್ನು ಮುಖ ನೋಡಿ ತೀರ್ಮಾನಿಸಬೇಕು. ನಟರ ಮುಖವನ್ನು ಹಲವು ಕ್ಯಾಮೆರಾಗಳಿಂದ ಸೆರೆಹಿಡಿದದ್ದು ಅಲ್ಲಿ ಆಡಂಬರವಲ್ಲ, ನಿಯಮದ ಭಾಗ. ಈ ಕಾರಣದಿಂದಲೇ ನಮ್ಮ ಆಟದ ಹಗ್ಗವನ್ನು ನಾನು ಶೈಲಿಗೆ ಒಪ್ಪಿಸಲಿಲ್ಲ. ಬಣ್ಣ ಎರಡೇ, ಆದರೆ ಅದರ ತೂಗು, ಬಿಗಿತ, ಸಡಿಲ ಎಲ್ಲವೂ ಭೌತಿಕ ಲೆಕ್ಕದ ಪ್ರಕಾರ 60 ಫ್ರೇಮ್‌ಗಳಲ್ಲೂ ನಡೆಯುತ್ತದೆ, ಏಕೆಂದರೆ ಯಾವಾಗ ಜಿಗಿಯಬೇಕೆಂದು ಆಟಗಾರರು ಅಂದಾಜಿಸುವುದು ಹಗ್ಗದ ಭಾರವನ್ನು ನೋಡಿ.

ಸದ್ಯ ಕೈಯಲ್ಲಿರುವುದು ಹಿಮದ ಹಂತ. ಹಿಮ ಕೂರುವುದೇ ಮೇಲ್ಮುಖದ ಜಾಗಗಳಲ್ಲಿ. ಹಾಗಾಗಿ ತಿಳಿ ಬಣ್ಣವೆಂದರೆ ಹಿಡಿತ ಎಂಬ ನಮ್ಮ ನಿಯಮ ಅಲ್ಲಿ ನಡೆಯುವುದಿಲ್ಲ. ಅಲ್ಲಿ ನಿಯಮವನ್ನು ತಲೆಕೆಳಗು ಮಾಡಿ, ಗಾಳಿಗೆ ಹಿಮ ಉದುರಿ ಬರಿದಾದ ಗಾಢ ಕಲ್ಲನ್ನೇ ಹಿಡಿತವೆಂದು ತೋರಿಸುತ್ತಿದ್ದೇನೆ. ಅಷ್ಟು ಹೊತ್ತು ತಿಳಿ ಬಣ್ಣವನ್ನೇ ನಂಬಿ ಬಂದವರಿಗೆ ಈ ಬದಲಾವಣೆಯನ್ನು ಅಕ್ಷರದ ಸೂಚನೆಯಿಲ್ಲದೆ ಕಲಿಸಬೇಕಾಗಿರುವುದರಿಂದ, ಹಿಮದ ಗೆರೆ ಆರಂಭವಾಗುವಲ್ಲಿ ಬಿದ್ದರೂ ಪೆಟ್ಟಾಗದಷ್ಟು ತಗ್ಗಿನ ಒಂದು ಗೋಡೆಯನ್ನು ಕಟ್ಟಿದ್ದೇವೆ. ಅದರ ಮೊದಲ ಹಿಡಿತದ ಮೇಲಿನ ಹಿಮ ಆಟಗಾರರ ಕಣ್ಣೆದುರೇ ಉದುರುತ್ತದೆ. ಅದನ್ನು ಗಮನಿಸದೆ ಪಕ್ಕದ ಬಿಳಿ ಅಂಚಿಗೆ ಕೈ ಹಾಕುವವರು ಈಗಲೂ ಇದ್ದಾರೆ. ಹಿಮ ಉದುರುವ ಹೊತ್ತಿಗೆ ಕ್ಯಾಮೆರಾವನ್ನು ಅತ್ತ ತುಸು ವಾಲಿಸಿ ನೋಡುವುದು ಮುಂದಿನ ಕೆಲಸ.