ಖಾಲಿ ಡಬ್ಬಿಗಳ ಬಿಸಿಗಾಳಿ ಪೆಟ್ಟಿಗೆ: ಚಳಿಗಾಲಕ್ಕೆ ಕೋಣೆಗೆ, ಆಮೇಲೆ ಮೆಣಸಿನಕಾಯಿಗೆ

ಡಿಸೆಂಬರ್ ಬಂತೆಂದರೆ ಬೀದರ್‌ನ ಹಳೆಯ ಮನೆಗಳಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಒಳಗಿಗಿಂತ ಅಂಗಳವೇ ಬೆಚ್ಚಗೆ. ರಾತ್ರಿ ಉಷ್ಣಾಂಶ 10 ಡಿಗ್ರಿ ಆಸುಪಾಸಿಗೆ, ಕೆಲವು ವರ್ಷ ಅದಕ್ಕೂ ಕೆಳಗೆ ಇಳಿದಿರುತ್ತದೆ. ಕೆಂಪುಕಲ್ಲಿನ ದಪ್ಪ ಗೋಡೆ ಆ ತಂಪನ್ನು ಮಧ್ಯಾಹ್ನದವರೆಗೂ ಬಿಟ್ಟುಕೊಡುವುದಿಲ್ಲ. ಹಿರಿಯರು ಕುರ್ಚಿ ಎತ್ತಿಕೊಂಡು ಬಿಸಿಲಿಗೆ ಹೋಗಿ ಕೂಡುತ್ತಾರೆ. ಆ ಬಿಸಿಲನ್ನೇ ಕೋಣೆಯೊಳಗೆ ತರಲು ಖಾಲಿ ಅಲ್ಯೂಮಿನಿಯಂ ಡಬ್ಬಿ, ಪ್ಲೈವುಡ್ ಪೆಟ್ಟಿಗೆ, ಒಂದು ಗಾಜು ಮತ್ತು ಕಂಪ್ಯೂಟರ್‌ನ ಒಂದು ಫ್ಯಾನ್ ಇದ್ದರೆ ಸಾಕು.

ಮೊದಲೇ ಹೇಳಿಬಿಡಬೇಕಾದ ಮಾತು: ಹೊತ್ತು ಮುಳುಗಿದ ಮೇಲೆ ಇದು ಕೆಲಸ ಮಾಡುವುದಿಲ್ಲ. ನಡುರಾತ್ರಿಯ ಚಳಿಗೆ ಕೌದಿಯೇ ಗತಿ. ಹಗಲು ಹೊತ್ತು ಕೋಣೆಗೆ ಬಿಸಿಗಾಳಿ ಊದುವುದಷ್ಟೇ ಇದರ ಕೆಲಸ. ಆದರೆ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಶೇಗಡಿ ಇಟ್ಟುಕೊಂಡು ವಿಷಾನಿಲಕ್ಕೆ ಜೀವ ಕಳೆದುಕೊಳ್ಳುವ ಅಪಾಯ ಇದರಲ್ಲಿಲ್ಲ, ಕರೆಂಟ್ ಬಿಲ್ಲೂ ಇಲ್ಲ. ಚಳಿ ಹೋದ ಮೇಲೆ ಇದೇ ಪೆಟ್ಟಿಗೆಯಲ್ಲಿ ಮೆಣಸಿನಕಾಯಿ, ಶುಂಠಿ, ಸೊಪ್ಪು ಒಣಗಿಸಬಹುದು. ಚಳಿ ಎರಡು ಎರಡೂವರೆ ತಿಂಗಳಿನದು, ಬಿಸಿಲು ವರ್ಷದ ಬಹುಪಾಲು ಇರುವಂಥದ್ದು. ಹಾಗಾಗಿ ನಮ್ಮ ಕಡೆ ಇದರ ನಿಜವಾದ ಉಪಯೋಗ ಒಣಗಿಸುವುದರಲ್ಲೇ ಇದೆ ಅನ್ನುವುದು ನನ್ನ ಅಭಿಪ್ರಾಯ.

ಉಪಾಯವೇನೂ ಹೊಸದಲ್ಲ. ಅಮೆರಿಕದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಮೋರ್ಸ್ 1881ರಲ್ಲೇ ಗಾಜಿನ ಹಿಂದೆ ಕಪ್ಪು ಕಲ್ಲಿನ ಹಲಗೆ ಇಟ್ಟು, ನಡುವೆ ಕಾದ ಗಾಳಿಯನ್ನು ಕೋಣೆಗೆ ಬಿಡುವ ಏರ್ಪಾಡಿಗೆ ಪೇಟೆಂಟ್ ಪಡೆದಿದ್ದರು. ಕಲ್ಲಿನ ಜಾಗಕ್ಕೆ ಈಗ ಕಪ್ಪು ಬಳಿದ ಡಬ್ಬಿಗಳ ಕೊಳವೆ ಬಂದಿದೆ, ಗಾಳಿ ಹರಿಯುವುದು ಅದರೊಳಗೆ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಮೂರು ಪಟ್ಟಿನಷ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಡಬ್ಬಿಯ ಗೋಡೆಯೋ ಸುಮಾರು 0.1 ಮಿಲಿಮೀಟರ್ ಮಾತ್ರ. ಹೊರಗೆ ಬಿದ್ದ ಬಿಸಿ ಕ್ಷಣದಲ್ಲಿ ಒಳಗಿನ ಗಾಳಿಗೆ ದಾಟುತ್ತದೆ.

ಡಬ್ಬಿ ಕೂಡಿಸುವುದು

500 ಎಂಎಲ್‌ನ ಬಿಯರ್ ಡಬ್ಬಿ ಅನುಕೂಲ. ಅಗಲ 6.6 ಸೆಂಟಿಮೀಟರ್, ಎತ್ತರ ಹೆಚ್ಚೂಕಡಿಮೆ 17. ಆರು ಡಬ್ಬಿ ಒಂದರ ಮೇಲೊಂದು ನಿಲ್ಲಿಸಿದರೆ ಒಂದು ಮೀಟರ್ ಕೊಳವೆ. ಅಂಥ 12 ಕೊಳವೆ, ಅಂದರೆ 72 ಡಬ್ಬಿ ಬೇಕು. ಎಲ್ಲ ಸೇರಿ ತೂಗಿದರೆ ಕಿಲೋಕ್ಕಿಂತ ಸ್ವಲ್ಪ ಹೆಚ್ಚು, ಗುಜರಿ ಬೆಲೆಯಲ್ಲಿ ದೊಡ್ಡ ಮೊತ್ತವೇನಲ್ಲ. ಆದರೆ ಗುಜರಿಯವರು ಡಬ್ಬಿ ಕೈಗೆ ಬಂದ ಕೂಡಲೇ ತುಳಿದು ಚಪ್ಪಟೆ ಮಾಡಿಬಿಡುತ್ತಾರೆ. ಹುಮನಾಬಾದ್ ಕಡೆಯ ಹೆದ್ದಾರಿ ಧಾಬಾಗಳಲ್ಲಿ ಮೊದಲೇ ಹೇಳಿ ಚೀಲ ಇಟ್ಟುಬಂದರೆ ಸಾಬೂತು ಡಬ್ಬಿ ಸಿಗುತ್ತವೆ. ಎಲ್ಲವೂ ಒಂದೇ ಅಳತೆಯವಿರಲಿ. ಅಯಸ್ಕಾಂತ ಅಂಟಿದರೆ ಅದು ತಗಡಿನ ಡಬ್ಬಿ, ಬಿಟ್ಟುಬಿಡಿ. ಬಿಯರ್ ಡಬ್ಬಿಯ ಚೀಲ ಹೊತ್ತು ಓಣಿಯೊಳಗೆ ಬರುವಾಗ ಯಾರಾದರೂ ಕೇಳಿಯೇ ಕೇಳುತ್ತಾರೆ, ಉತ್ತರ ಸಿದ್ಧವಿಟ್ಟುಕೊಳ್ಳಿ.

ಬಿಸಿನೀರು, ಪಾತ್ರೆ ಸೋಪು ಹಾಕಿ ತೊಳೆಯಿರಿ. ಒಳಗೆ ಅಂಟಿದ ಬಿಯರ್ ಕಾದರೆ ಇಡೀ ಕೋಣೆ ನಾರುತ್ತದೆ. ಕಾಸ್ಟಿಕ್ ಸೋಡಾ ಮಾತ್ರ ಬೇಡ, ಅದು ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ಬಣ್ಣ ಹೋಗಲೆಂದು ಡಬ್ಬಿಗಳನ್ನು ಬೆಂಕಿಗೆ ಹಾಕುವುದೂ ಬೇಡ. ಒಳಗೆ ತೆಳುವಾದ ಪ್ಲಾಸ್ಟಿಕ್ ಲೇಪ ಇರುತ್ತದೆ, ಸುಟ್ಟರೆ ಕೆಟ್ಟ ಹೊಗೆ.

ಕತ್ತರಿಸುವುದು, ಜೋಡಿಸುವುದು

ಇಡೀ ಕೆಲಸದಲ್ಲಿ ತಾಳ್ಮೆ ಕೇಳುವ ಭಾಗ ಇದು. ದಪ್ಪ ಕೈಗವಸು ಹಾಕಿಕೊಳ್ಳಿ. ಡಬ್ಬಿಯನ್ನು ಬೋರಲು ಹಿಡಿದು ಒರಟು ಸಿಮೆಂಟ್ ನೆಲದ ಮೇಲೆ ಅಂಚನ್ನು ಗುಂಡಗೆ ಉಜ್ಜುತ್ತ ಹೋದರೆ ಬೆಳ್ಳಿ ಬಣ್ಣದ ಪುಡಿ ಉದುರುತ್ತದೆ. ಸ್ವಲ್ಪ ಹೊತ್ತಿಗೆ ಮುಚ್ಚಳದ ಸುತ್ತ ಕೂದಲೆಳೆಯಂಥ ಗೆರೆ ಬಿಟ್ಟುಕೊಂಡು, ಬೆರಳಿಂದ ಒತ್ತಿದರೆ ಮುಚ್ಚಳ ಕಳಚಿ ಬರುತ್ತದೆ. ಹೀಗೆ ತೆಗೆದ ಅಂಚು ಕತ್ತರಿಯಿಂದ ಕತ್ತರಿಸಿದ್ದಕ್ಕಿಂತ ಮೊಂಡಾಗಿರುತ್ತದೆ. ತಳಕ್ಕೆ ಮೊಳೆಯಿಂದ ತೂತು ಹೊಡೆದು, ತಗಡು ಕತ್ತರಿಯಿಂದ ನಕ್ಷತ್ರದ ಹಾಗೆ ಸೀಳಿ, ಎಸಳುಗಳನ್ನು ಒಳಕ್ಕೆ ಓರೆಯಾಗಿ ಮಡಚಿ. ಓರೆ ಎಸಳು ದಾಟುವಾಗ ಗಾಳಿ ಸುತ್ತಿಕೊಂಡು ಹೋಗಿ ಬಿಸಿ ಗೋಡೆಗೆ ತಾಗುತ್ತದೆ. ನೆಟ್ಟಗೆ ಹೋದರೆ ನಡುವಿನ ಗಾಳಿ ತಣ್ಣಗೇ ಹೊರಬೀಳುತ್ತದೆ. ತೂತು ಚಿಕ್ಕದಾದರೆ ಫ್ಯಾನ್ ಏದುಸಿರು ಬಿಡುತ್ತದೆ, ಆದ್ದರಿಂದ ಧಾರಾಳವಾಗಿಯೇ ಸೀಳಿ.

ಇಷ್ಟೆಲ್ಲ ಯಾಕೆ ಅನ್ನಿಸಿದರೆ ಇನ್ನೊಂದು ದಾರಿ ಇದೆ. ಡಬ್ಬಿಯ ಬದಲು ಕಿಟಕಿಗೆ ಹಾಕುವ ಲೋಹದ ಸೊಳ್ಳೆ ಜಾಲರಿಗೆ ಕಪ್ಪು ಬಳಿದು, ಪೆಟ್ಟಿಗೆಯಲ್ಲಿ ಎರಡು ಪದರ ಬಿಗಿದರೂ ಗಾಳಿ ಹೆಚ್ಚೂಕಡಿಮೆ ಅಷ್ಟೇ ಕಾಯುತ್ತದೆ. ಡಬ್ಬಿಯ ಆಕರ್ಷಣೆ ಅದು ಪುಕ್ಕಟೆ ಅನ್ನುವುದು.

ಡಬ್ಬಿಗಳನ್ನು ಅಂಟಿಸಲು ಶಾಖ ತಡೆಯುವ ಕೆಂಪು ಸಿಲಿಕೋನ್ ಬಳಸಿ. ಗಾಡಿಯ ಇಂಜಿನ್‌ಗೆ ಹಚ್ಚುವುದು ಅದನ್ನೇ, ಸ್ಪೇರ್‌ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ. ಎರಡು ಮರದ ಪಟ್ಟಿಗಳನ್ನು ಇಂಗ್ಲಿಷ್ ‘ವಿ’ ಆಕಾರದಲ್ಲಿ ಮೊಳೆ ಹೊಡೆದಿಟ್ಟುಕೊಂಡರೆ ಅದರಲ್ಲಿ ಮಲಗಿಸಿದ ಕೊಳವೆ ಡೊಂಕಾಗುವುದಿಲ್ಲ. ಒಂದು ದಿನ ಮುಟ್ಟಬೇಡಿ.

ಆಮೇಲೆ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಬೈಕ್ ಸೈಲೆನ್ಸರ್‌ಗೆ ಹೊಡೆಯುವ ಕಪ್ಪು ಸ್ಪ್ರೇ ಹೊಡೆಯಿರಿ. ಹೊಳಪು ಇರಬಾರದು. ಬಿದರಿ ಹೂಜಿಯ ಕಪ್ಪಿಗೆ ಎಣ್ಣೆ ತಿಕ್ಕಿ ಮಿಂಚು ತರಿಸುತ್ತಾರಲ್ಲ, ಇಲ್ಲಿ ಅದರ ತದ್ವಿರುದ್ಧ: ಕಾಡಿಗೆಯಂತೆ ಮಂಕಾಗಿದ್ದಷ್ಟೂ ಬಿಸಿಲು ಹೀರುತ್ತದೆ.

ಪೆಟ್ಟಿಗೆ

ನೀರು ತಡೆಯುವ ಪ್ಲೈವುಡ್‌ನಲ್ಲಿ ನಾಲ್ಕೂವರೆ ಅಡಿ ಉದ್ದ, ಮೂರು ಅಡಿ ಅಗಲ, ಆರು ಇಂಚು ಆಳದ ಪೆಟ್ಟಿಗೆ ಮಾಡಿಸಿ. ಒಳಗೆ ಮೇಲೊಂದು ಕೆಳಗೊಂದು ಅಡ್ಡ ಹಲಗೆ. ಪ್ರತಿಯೊಂದರಲ್ಲೂ 12 ತೂತು, ಡಬ್ಬಿಯ ಬಾಯಿ ಕೂರುವಷ್ಟು ದೊಡ್ಡದು, ಹೊಟ್ಟೆ ಇಳಿಯದಷ್ಟು ಚಿಕ್ಕದು. ಕೊಳವೆಗಳು ಈ ಎರಡು ಹಲಗೆಗಳ ನಡುವೆ ನಿಲ್ಲುತ್ತವೆ. ಹಲಗೆಯ ಆಚೆ ಉಳಿಯುವ ಐದು ಇಂಚಿನ ಜಾಗ ಗಾಳಿ ಹಂಚುವ ಖಾನೆ. ಗಾಳಿ ಒಳಬರುವ ತೂತು ಕೆಳಗಿನ ಖಾನೆಯ ಎಡಮೂಲೆಯಲ್ಲಿದ್ದರೆ ಹೊರಹೋಗುವುದು ಮೇಲಿನ ಖಾನೆಯ ಬಲಮೂಲೆಯಲ್ಲಿರಲಿ. ಎರಡೂ ಒಂದೇ ಬದಿಗಿದ್ದರೆ ಆ ಬದಿಯ ಮೂರ್ನಾಲ್ಕು ಕೊಳವೆಗಳಲ್ಲೇ ಗಾಳಿ ಓಡಿ, ಉಳಿದವು ಸುಮ್ಮನೆ ಕಾದು ಕೂಡುತ್ತವೆ.

ಹಿಂಬದಿಗೆ ಶಾಖ ಸೋರದಂತೆ ಗ್ಲಾಸ್‌ವುಲ್ (ಗಾಜಿನ ಎಳೆಗಳ ಹತ್ತಿಯಂಥ ಹಾಸು) ಹಾಸಿ, ಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಿ. ಗ್ಲಾಸ್‌ವುಲ್ ಮುಟ್ಟುವಾಗ ಮೂಗಿಗೂ ಕೈಗೂ ಕವಸು ಬೇಕು. ಅಗ್ಗವೆಂದು ಥರ್ಮೋಕೋಲ್ ಹಾಕುವವರಿದ್ದಾರೆ. ಫ್ಯಾನ್ ನಿಂತ ನಡುಮಧ್ಯಾಹ್ನ ಒಳಗಿನ ಉಷ್ಣಾಂಶ 100 ಡಿಗ್ರಿ ದಾಟಬಹುದು, ಥರ್ಮೋಕೋಲ್ ಅದಕ್ಕೂ ಮೊದಲೇ ಕರಗಿ ಕುಗ್ಗುತ್ತದೆ. ಮುಂದೆ 4 ಮಿಲಿಮೀಟರ್ ಗಾಜು, ಡಬ್ಬಿಗೂ ಗಾಜಿಗೂ ಒಂದು ಇಂಚು ಅಂತರ. ನಮ್ಮಲ್ಲಿ ಮಂಗಗಳೂ ಉಂಟು, ಬೇಸಿಗೆಯ ಆಲಿಕಲ್ಲೂ ಉಂಟು. ಮಾಳಿಗೆಯ ಮೇಲೆ ಇಡುವವರು ಗಾಜಿನ ಬದಲು ಎರಡು ಪದರದ ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಹಾಳೆ ಹಾಕಿಸುವುದೇ ಜಾಣತನ.

ಗಾಳಿ ಮತ್ತು ಫ್ಯಾನ್

ಪೆಟ್ಟಿಗೆಯಿಂದ ಬರುವ ಗಾಳಿ ಸುಡುವಷ್ಟು ಬಿಸಿಯಿದ್ದರೆ ಪೆಟ್ಟಿಗೆ ಚೆನ್ನಾಗಿದೆ ಎಂದು ಎಲ್ಲರೂ ಖುಷಿಪಡುತ್ತಾರೆ. ನಿಜ ಬೇರೆ. ಗಾಳಿ ನಿಧಾನ ಹೋದರೆ ಪೆಟ್ಟಿಗೆಯೇ ಕಾಯುತ್ತದೆ, ಆ ಬಿಸಿ ಗಾಜಿನ ಮೂಲಕ ಮತ್ತೆ ಆಕಾಶಕ್ಕೆ ಹೋಗುತ್ತದೆ. ಸ್ವಲ್ಪ ಕಡಿಮೆ ಬಿಸಿಯ ಗಾಳಿ ಹೆಚ್ಚು ಬಂದರೆ ಕೋಣೆಗೆ ಒಟ್ಟು ಸೇರುವ ಶಾಖವೇ ಹೆಚ್ಚು. ಒಳಹೋಗುವ ಗಾಳಿಗಿಂತ ಹೊರಬರುವ ಗಾಳಿ 20 ಡಿಗ್ರಿಯಷ್ಟು ಹೆಚ್ಚಿದ್ದರೆ ಸರಿ. ಇಷ್ಟು ದೊಡ್ಡ ಪೆಟ್ಟಿಗೆ ಒಳ್ಳೆಯ ಬಿಸಿಲಲ್ಲಿ ಕೊಡುವುದು ಸುಮಾರು 400 ವ್ಯಾಟ್. ಅದನ್ನು 20 ಡಿಗ್ರಿ ಏರಿಕೆಯಲ್ಲಿ ಸಾಗಿಸಲು ಗಂಟೆಗೆ 65–70 ಘನ ಮೀಟರ್ ಗಾಳಿ ಬೇಕು. 12 ವೋಲ್ಟಿನ, 120 ಮಿಲಿಮೀಟರ್ ಅಗಲದ ಕಂಪ್ಯೂಟರ್ ಫ್ಯಾನ್ ಈ ಕೆಲಸಕ್ಕೆ ಸಾಕು. 2000 ವ್ಯಾಟಿನ ರೂಮ್ ಹೀಟರ್‌ಗೆ ಹೋಲಿಸಿದರೆ ಐದನೇ ಒಂದು ಪಾಲು. ಆದರೆ ಐದು ಗಂಟೆ ಬಿಸಿಲು ಸಿಕ್ಕರೆ ಎರಡು ಯೂನಿಟ್ ಕರೆಂಟಿನಷ್ಟು ಶಾಖ.

ಫ್ಯಾನನ್ನು ತಣ್ಣನೆ ಗಾಳಿ ಒಳಹೋಗುವ ಕಡೆ ಕೂರಿಸಿ. ಬಿಸಿಯ ಕಡೆ ಇಟ್ಟರೆ ಬೇಗ ಕೆಡುತ್ತದೆ. 10 ವ್ಯಾಟಿನ ಸಣ್ಣ ಸೋಲಾರ್ ಪ್ಲೇಟಿಗೆ ಜೋಡಿಸಿದರೆ ಬಿಸಿಲು ಬಂದಾಗ ತಾನೇ ತಿರುಗಿ, ಮೋಡ ಬಂದಾಗ ತಾನೇ ನಿಲ್ಲುತ್ತದೆ. 12 ವೋಲ್ಟಿನದು ಎಂದು ಮಾರುವ ಪ್ಲೇಟು ಬಿಸಿಲಲ್ಲಿ 17–18 ವೋಲ್ಟಿಗಿಂತಲೂ ಹೆಚ್ಚು ಕೊಡುತ್ತದೆ. ನಡುವೆ ವೋಲ್ಟೇಜ್ ಇಳಿಸುವ ಸಣ್ಣ ಬೋರ್ಡ್ ಹಾಕಿಸಿ.

ಇಡುವ ಜಾಗ

ದಕ್ಷಿಣಕ್ಕೆ ಮುಖ. ಬೀದರ್ ಇರುವುದು ಸುಮಾರು 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಗೆ ಮಧ್ಯಾಹ್ನದ ಸೂರ್ಯ 49 ಡಿಗ್ರಿಯಷ್ಟೇ ಮೇಲಿರುತ್ತಾನೆ. ಪೆಟ್ಟಿಗೆಯನ್ನು ನೆಲದಿಂದ 35–40 ಡಿಗ್ರಿ ಎಬ್ಬಿಸಿದರೆ ಬಿಸಿಲು ನೇರ ಬೀಳುತ್ತದೆ. ದಪ್ಪ ಗೋಡೆ ಕೊರೆಯುವ ಗೋಜು ಬೇಡ. ದಕ್ಷಿಣದ ಕಿಟಕಿಯ ಒಂದು ಬಾಗಿಲ ಜಾಗಕ್ಕೆ ಪ್ಲೈವುಡ್ ಹಲಗೆ ಕೂರಿಸಿ, ಕೋಣೆಯ ಗಾಳಿ ಪೆಟ್ಟಿಗೆಗೆ ಹೋಗಲು ಕೆಳಗೊಂದು, ಕಾದು ಮರಳಲು ಮೇಲೊಂದು ತೂತು ಮಾಡಿ. ಬಿಸಿಗಾಳಿಯ ಕಡೆ ಅಡುಗೆಮನೆ ಚಿಮಣಿಗೆ ಹಾಕುವ ಅಲ್ಯೂಮಿನಿಯಂ ಪೈಪ್ ಇರಲಿ, ಪಿವಿಸಿ ಮೆತ್ತಗಾಗುತ್ತದೆ. ರಾತ್ರಿ ಪೆಟ್ಟಿಗೆ ತಣ್ಣಗಾದಾಗ ಗಾಳಿ ತಿರುಗಾಮುರುಗಾ ಹರಿದು ಕೋಣೆಯ ಬೆಚ್ಚಗನ್ನೇ ಕದಿಯುತ್ತದೆ, ಆದ್ದರಿಂದ ಸಂಜೆ ಎರಡೂ ತೂತಿಗೆ ಮುಚ್ಚಳ ಹಾಕಿ.

ಜೋಡಿಸುವ ಮೊದಲು ಎರಡು ಮೂರು ದಿನ ಪೆಟ್ಟಿಗೆಯನ್ನು ಬಯಲಲ್ಲೇ ಬಿಸಿಲಿಗೆ ಬಿಡಿ, ಬಣ್ಣದ ವಾಸನೆ ಹೋಗಲಿ. ಆಮೇಲೆ ಗಾಳಿಯಾಡದ ಮುಂಜಾನೆ ಫ್ಯಾನನ್ನು ಬ್ಯಾಟರಿಗೆ ಜೋಡಿಸಿ, ಊದುಬತ್ತಿ ಹಚ್ಚಿ ಪ್ರತಿ ಸಂದಿನ ಹತ್ತಿರ ಹಿಡಿಯಿರಿ. ನೆಟ್ಟಗೆ ಏರುವ ಹೊಗೆಯ ಎಳೆ ಎಲ್ಲಿ ನಡುಗಿ ಪಕ್ಕಕ್ಕೆ ವಾಲುತ್ತದೋ ಅಲ್ಲಿ ಸೋರಿಕೆ. ಅಲ್ಲಿಗೆ ಇನ್ನೊಂದಿಷ್ಟು ಸಿಲಿಕೋನ್.

ಒಣಗಿಸುವುದು

ಚಳಿ ಇಳಿದ ಮೇಲೆ ಪೈಪನ್ನು ಕೋಣೆಯಿಂದ ಬಿಚ್ಚಿ, ಗುಜರಿಯಲ್ಲಿ ಸಿಗುವ ಹಳೆಯ ಫ್ರಿಜ್ಜಿನ ಖಾಲಿ ಕವಚಕ್ಕೆ ಜೋಡಿಸಿ. ಗ್ಯಾಸು, ಮಷಿನು ತೆಗೆದದ್ದನ್ನೇ ತನ್ನಿ. ಶಾಖ ಹಿಡಿಯುವ ಗೋಡೆ, ಜಾಲರಿ ತಟ್ಟೆ ಎಲ್ಲ ಅದರಲ್ಲೇ ಇರುತ್ತವೆ. ಬಿಸಿಗಾಳಿ ಕೆಳಗಿಂದ ಒಳಬಂದು, ಮೇಲೆ ಜಾಲರಿ ಹೊಡೆದ ತೂತಿನಿಂದ ಹೊರಗೆ. ಕೋಣೆಗಾದರೆ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಕಾಯಿಸುತ್ತೇವೆ. ಇಲ್ಲಿ ಹಾಗೆ ಮಾಡಿದರೆ ತೇವ ಒಳಗೇ ಸುತ್ತುತ್ತದೆ. ಹೊರಗಿನ ಒಣಗಾಳಿಯನ್ನೇ ಎಳೆದುಕೊಳ್ಳಬೇಕು.

ಶುಂಠಿಯನ್ನು ಸಿಪ್ಪೆ ಕೆರೆದು ತೆಳ್ಳಗೆ ಹೆಚ್ಚಿ, ಮೆಣಸಿನಕಾಯಿಯನ್ನು ಇಡಿಯಾಗಿ, 55–60 ಡಿಗ್ರಿಯಲ್ಲಿ ಒಣಗಿಸಬಹುದು. ಮೆಂತ್ಯ ಸೊಪ್ಪಿಗೆ ಅಷ್ಟು ಬಿಸಿ ಬೇಡ. 45 ಡಿಗ್ರಿ ದಾಟದಂತೆ ಗಾಜಿನ ಅರ್ಧಕ್ಕೆ ಗೋಣಿತಟ್ಟು ಹೊದಿಸಿದರೆ ಹಸಿರು ಉಳಿಯುತ್ತದೆ. ಖಡಕ್ ರೊಟ್ಟಿ ಮಾಡಿ ಮಾರುವವರಿಗೂ ಇದು ಒಗ್ಗುತ್ತದೆ. ಬೇಯಿಸಿದ ರೊಟ್ಟಿಯ ಉಳಿದ ತೇವ ಧೂಳು, ನೊಣ ತಾಗದೆ ಆರುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಒಣಗಿಸುವ ಕೆಲಸ ಇಲ್ಲದ ದಿನ ಪೆಟ್ಟಿಗೆಯನ್ನು ಬಿಸಿಲಿಗೆ ಖಾಲಿ ಬಿಡಬೇಡಿ, ಸಿಲಿಕೋನ್ ಬಿಟ್ಟುಕೊಳ್ಳಬಹುದು. ಗೋಣಿತಟ್ಟು ಮುಚ್ಚಿ, ಎರಡೂ ತೂತು ತೆರೆದಿಡಿ. ಮಳೆಗಾಲಕ್ಕೆ ಒಳಗೆತ್ತಿಟ್ಟು ತೂತುಗಳಿಗೆ ಬಟ್ಟೆ ತುರುಕಿ, ಇಲ್ಲದಿದ್ದರೆ ಗ್ಲಾಸ್‌ವುಲ್‌ನಲ್ಲಿ ಇಲಿ ಸಂಸಾರ ಹೂಡುತ್ತದೆ.