ಶಿಲುಬೆಯ ಕಲ್ಲಿನಡಿ ಯಹೂದಿ ಹೆಸರು ಹುಡುಕುವುದು ಹೇಗೆ

ಪುಣೆಯ ಖಡಕಿ ಯುದ್ಧ ಸ್ಮಶಾನಕ್ಕೆ ಬೆಳಗಿನ ಹೊತ್ತೇ ಹೋಗಿ. ಓರೆ ಬಿಸಿಲಿಗೆ ಸವೆದ ಅಕ್ಷರಗಳೂ ಎದ್ದು ಕಾಣುತ್ತವೆ. ನಾನು ಮೊದಲ ಸಲ ಮಟಮಟ ಮಧ್ಯಾಹ್ನ ಹೋಗಿ, ಏನೂ ಕಾಣದೆ ಸೀಮೆಸುಣ್ಣ ತಿಕ್ಕಲು ಹೊರಟು, ಮಾಲಿಯಿಂದ ಮರಾಠಿಯಲ್ಲಿ ಚೆನ್ನಾಗಿ ಬೈಸಿಕೊಂಡೆ. ಅಂವ ಹೇಳಿದ್ದೇ ಸರಿ, ಕಲ್ಲು ಹಾಳಾಗುತ್ತದೆ. ಈಗ ಅಂಗೈಯಗಲದ ಕನ್ನಡಿ ಒಯ್ಯುತ್ತೇನೆ. ಪಕ್ಕದಿಂದ ಬೆಳಕು ಬಿಟ್ಟರೆ ಸಾಕು.

ಅಲ್ಲಿರುವುದು ಎರಡನೇ ಮಹಾಯುದ್ಧದ 1,668 ಸಮಾಧಿ. ಕಲ್ಲಿನ ಮೇಲಿನ ಸೈನಿಕನ ಸೇವಾ ನಂಬರು, ಹುದ್ದೆ, ಹೆಸರು, ರೆಜಿಮೆಂಟು, ಸತ್ತ ದಿನ ಬರೆದುಕೊಳ್ಳಿ. ನಂಬರು ಬಿಟ್ಟರೆ ಒಂದೇ ಹೆಸರಿನ ನಾಲ್ವರಲ್ಲಿ ಇವನಾರೆಂದು ಆಮೇಲೆ ತಿಳಿಯದು. ಕೊನೆಗೆ ಚಿಹ್ನೆ ನೋಡಿ: ಶಿಲುಬೆಯೋ, ಯಹೂದಿಗಳ ಗುರುತಾದ ಆರು ಮೂಲೆಯ ದಾವೀದನ ನಕ್ಷತ್ರವೋ.

ಶಿಲುಬೆ ಕಂಡೊಡನೆ ಕ್ರೈಸ್ತನೆಂದು ತೀರ್ಮಾನಿಸಬೇಡಿ. ನನಗೆ ಇದು ತಿಳಿದದ್ದು ಯುರೋಪಿನ ಒಂದು ಕಥೆಯಿಂದ. 1942ರಲ್ಲಿ ಬ್ರಿಟನ್ ಕಟ್ಟಿದ 10ನೇ ಕಮಾಂಡೊ ಎಂಬ ದಾಳಿ ಪಡೆಯ 3ನೇ ಟ್ರೂಪ್‌ನಲ್ಲಿ, ಅಂದರೆ ತುಕಡಿಯಲ್ಲಿ, ಜರ್ಮನಿ, ಆಸ್ಟ್ರಿಯಾದಿಂದ ತಪ್ಪಿಸಿಕೊಂಡು ಬಂದ ಯಹೂದಿ ಹುಡುಗರೇ ಹೆಚ್ಚು. ಸೆರೆ ಸಿಕ್ಕರೆ ನಾಜಿಗಳು ಉಳಿಸುವುದಿಲ್ಲ, ಊರಲ್ಲಿ ಉಳಿದ ಹೆತ್ತವರಿಗೂ ಅಪಾಯ. ಹಾಗಾಗಿ ನಿಂತ ನಿಲುವಿನಲ್ಲೇ ಒಂದು ಇಂಗ್ಲಿಷ್ ಹೆಸರು, ಕಾಗದದಲ್ಲಿ ಧರ್ಮ ಎಂಬಲ್ಲಿ ಚರ್ಚ್ ಆಫ್ ಇಂಗ್ಲೆಂಡ್. ಸತ್ತವರಲ್ಲಿ ಕೆಲವರಿಗೆ ಶಿಲುಬೆಯ ಕಲ್ಲು ಬಂದದ್ದು ಹೀಗೆ.

ಈಗ ಈ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ವೆಬ್‌ಸೈಟಿನಲ್ಲಿ ಆ ನಂಬರು ಹಾಕಿ. ‘ಹೆಚ್ಚುವರಿ ಮಾಹಿತಿ’ ಎಂಬಲ್ಲಿ ತಂದೆತಾಯಿಯ ಹೆಸರು, ಊರು ಇರಬಹುದು. ಬೇರೆ ಹೆಸರಿನಲ್ಲಿ ಸೇವೆ ಸಲ್ಲಿಸಿದ ಎಂದಿದ್ದರೆ ಅರ್ಧ ಕೆಲಸ ಮುಗಿಯಿತು. ಏನೂ ಇಲ್ಲವೇ? ಇನಿಷಿಯಲ್ ಹಿಡಿಯಿರಿ. ಆ ಟ್ರೂಪಿನ ಹಲವರು ಮೊದಲಕ್ಷರ ಬಿಡಲಿಲ್ಲ: 1944ರ ಜೂನ್‌ನಲ್ಲಿ ನಾರ್ಮಂಡಿಯಲ್ಲಿ ಸತ್ತ ಮ್ಯಾಕ್ಸ್ ಲ್ಯಾಡಿ ಹುಟ್ಟಿದ್ದು ಮ್ಯಾಕ್ಸ್ ಲೆವಿನ್‌ಸ್ಕಿಯಾಗಿ.

ಆದರೆ ಅಕ್ಷರ ಹೊಂದಿತೆಂದು ಕುಣಿಯಬೇಡಿ. ನಮ್ಮಪ್ಪ ಬಸಪ್ಪ ವಿಜಾಪುರದಿಂದ ಪುಣೆಗೆ ಬಂದಾಗ ಕೆಲಸಗಾರರ ಮುಕಾದಮ ಹಾಜರಿ ಮಸ್ಟರ್‌ನಲ್ಲಿ ‘ವಸಂತ’ ಎಂದು ಗೀಚಿದ್ದ. ಅಪ್ಪ ತೀರಿಕೊಂಡ ಮೇಲೆ ಪಿ.ಎಫ್. ದುಡ್ಡಿಗಾಗಿ, ಬಸಪ್ಪನೇ ವಸಂತ ಎಂದು ತೋರಿಸಲು ಅವ್ವ ಆರು ತಿಂಗಳು ಅಲೆದಳು. ಕೊನೆಗೆ ಕೆಲಸಕ್ಕೆ ಬಂದದ್ದು ಶಾಲೆಯ ದಾಖಲೆ, ಜೊತೆಗೆ ಒಂದು ಹಳೆಯ ಮನಿಯಾರ್ಡರ್ ರಸೀದಿ. ಸೈನಿಕನ ವಿಷಯದಲ್ಲೂ ಅಂಥವನ್ನೇ ಹುಡುಕಿ: ಜನನ ದಾಖಲೆ, ಮನೆಗೆ ಬರೆದ ಪತ್ರ, ಹೆಸರು ಬದಲಿಸಿದ ಕಾಗದ.

ಸಿಕ್ಕರೆ ಮೊದಲು ಅವನ ಮನೆಯವರನ್ನು ಕೇಳಿ, ಆಮೇಲೆ ಕಲ್ಲಿನ ಚಿಹ್ನೆ ಬದಲಿಸಿ ಎಂದು ಆಯೋಗಕ್ಕೆ ಬರೆಯಿರಿ. ಮನೆಯವರು ಶಿಲುಬೆಯೇ ಇರಲಿ ಎಂದರೆ ಕಾಗದಗಳನ್ನು ಅವರಿಗೇ ಕೊಟ್ಟು ಬನ್ನಿ.